ಪೈಲ್ವಾನನ ಹೊಸ ಗುಂಡಿಗೆ

"ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟಾಂವ. ತನ್ನ ಹೆಸರು ಬರಿಯೂದ್ರಾಗ ಮೂರು ಸಲ ಅಳಸ್ತಾನ. ಇವಾ ಈ ಕೋಳಿಗೂಡಿಗೆ ಕಂಪ್ಯೂಟರ್ ಇಂಜಿನ್ ಕೂಡಸ್ತಾನಂತ! ಕೇಳ್ರೆಪಾ, ಎಲ್ಲಾರೂ ಕೇಳ್ರಿ!"

ಹೀಗಂದವರು ದಾದಾಪೀರ್ ಉಸ್ತಾದ್. ಅನ್ನಿಸಿಕೊಂಡವನು ಅವರ ಗ್ಯಾರೇಜಿನಲ್ಲೇ ಹನ್ನೊಂದು ವರ್ಷದಿಂದ ಪಾನಾ, ಅಂದರೆ ಸ್ಪ್ಯಾನರು, ಹಿಡಿದಿದ್ದ ಯಮನೂರ. ಕೋಳಿಗೂಡು ಅಂದರೆ ನಾನು.

ಚಹಾದ ಹೊತ್ತು. ಹಳೇ ಹುಬ್ಬಳ್ಳಿಯ ಆ ಗಲ್ಲಿಯ ಟಿಂಕರಿಂಗ್‌ನವರು, ಪೇಂಟಿನವರು, ಟೈರಿನವರು, ಗಾಡಿ ರಿಪೇರಿಗೆ ತಂದ ಗಿರಾಕಿಗಳು, ಎಲ್ಲ ಅಲ್ಲೇ ಇದ್ದರು. ಎಲ್ಲರೂ ನಕ್ಕರು. ಒಬ್ಬನಿಗಂತೂ ನಗು ತಡೆಯಲಾಗದೆ ಚಹಾ ಮೂಗಿಗೆ ಏರಿತು.

ಯಮನೂರ ಒಂದು ಅಂದರೆ ನಾಲ್ಕು ಅನ್ನುವವನು. ಕೈಯಲ್ಲಿದ್ದ ಚಹಾದ ಗ್ಲಾಸು ಗೋಡೆಗೆ ಹೋಗಿ ಬಡಿಯಿತು.

"ಉಸ್ತಾದ್, ಬರಕೋರಿ. ಈ ಗಾಡಿ ಆರ್‌ಟಿಓದಾಗ ಪಾಸಾಗಲಿಲ್ಲಂದ್ರ ಈ ಗಲ್ಲಿಯೊಳಗ ನಾ ಮತ್ತ ಪಾನಾ ಮುಟ್ಟೂದಿಲ್ಲ. ಗುಜರಿಗೆ ಇದನ್ನೂ ಹಾಕ್ರಿ, ನನ್ನೂ ಹಾಕ್ರಿ!"

ಅಲ್ಲಿಗೆ ನನ್ನ ಜೀವ, ಅವನ ಅನ್ನ ಎರಡೂ ಒಂದೇ ಗಂಟಿಗೆ ಬಿದ್ದವು. ಆಡಿದ ಮಾತು ವಾಪಸ್ ತೆಗೆದುಕೊಳ್ಳುವ ಪೈಕಿ ಅವನಲ್ಲ. ನಗುವುದನ್ನು ಬಿಡುವ ಪೈಕಿ ಗಲ್ಲಿಯೂ ಅಲ್ಲ.

ನಾನು ಒಂದು ಕಾರು. ಕಾಂಟೆಸ್ಸಾ ಅನ್ನುತ್ತಾರೆ. ನನ್ನನ್ನು ಕೋಳಿಗೂಡು ಅಂದದ್ದಕ್ಕೆ ಸಿಟ್ಟಿದೆ, ಆದರೆ ಸುಳ್ಳಲ್ಲ ಬಿಡಿ. ಆಗ ನನ್ನ ಡಿಕ್ಕಿಯಲ್ಲಿ ಉಸ್ತಾದರ ಹೆಂಡತಿಯ ಎರಡು ಕೋಳಿ ಕಾವಿಗೆ ಕೂತಿದ್ದವು. ಆ ಗತಿಗೆ ಹೇಗೆ ಬಂದೆ ಅಂತ ಹೇಳುತ್ತೇನೆ.

ನಾನು ಹುಟ್ಟಿದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಕಲ್ಕತ್ತೆಯ ಹತ್ತಿರ ಹೂಗ್ಲಿ ನದಿ ದಂಡೆಯ ಕಾರ್ಖಾನೆಯಲ್ಲಿ. ಉದ್ದ ಮೂತಿ, ಅಗಲ ಭುಜ, ಮುಂದೆ ನಾಲ್ಕು ದೀಪ. ಆಗಿನ ರಸ್ತೆಯಲ್ಲಿ ನನ್ನಷ್ಟು ಉದ್ದದ ಕಾರು ಎಷ್ಟಿದ್ದವು ಹೇಳಿ? ಹುಬ್ಬಳ್ಳಿಗೆ ಬಂದು ಇಳಿದ ದಿನ ಗರಡಿಯಿಂದ ಹೊರಗೆ ಬಂದ ಹುಡುಗರು ನನ್ನ ಸುತ್ತ ಒಂದು ಸುತ್ತು ಹಾಕಿ "ಪೈಲ್ವಾನ್ ಗಾಡಿಲೇ!" ಅಂದರು. ಆ ಹೆಸರೇ ನಿಂತಿತು. ಒಳಗಿನ ಸಂಗತಿ ನನಗೆ ಮಾತ್ರ ಗೊತ್ತು. ಮೈ ಪೈಲ್ವಾನನದು, ಗುಂಡಿಗೆ ಕಾರಕೂನನದು. ಇಷ್ಟು ದೊಡ್ಡ ಮೈ ಎಳೆಯಲು ಅಷ್ಟು ಸಣ್ಣ ಇಂಜಿನ್ನು. ಧಾರವಾಡದ ಏರಿನಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತ ನನ್ನನ್ನು ದಾಟಿ ಹೋಗುತ್ತಿದ್ದವು.

ಮೊದಲ ಮಾಲೀಕರು ಅರಳೆ ವ್ಯಾಪಾರದ ಶೆಟ್ಟರು. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ನಾಲ್ಕು ವರ್ಷ ತೆಗೆಯಲಿಲ್ಲ. ನಲವತ್ತರ ಮೇಲೆ ಮುಳ್ಳು ಹೋದರೆ ಡ್ರೈವರನ ಹೆಗಲು ಹಿಡಿದು "ಸಾವಕಾಶ, ಸಾವಕಾಶ" ಅನ್ನುತ್ತಿದ್ದರು. ಅವರು ನನ್ನನ್ನು ಓಡಿಸಲಿಲ್ಲ, ಪೂಜಿಸಿದರು. ಪೂಜೆ ಮಾಡಿಸಿಕೊಂಡು ನಿಲ್ಲುವುದಕ್ಕೆ ಚಕ್ರ ಯಾಕೆ ಬೇಕಿತ್ತು?

ಅವರಿಂದ ನನ್ನನ್ನು ಕೊಂಡವರು ನಾಟಕ ಕಂಪನಿಯ ಮಾಲೀಕರು, ಈರಪ್ಪ ಮಾಸ್ತರು. ಬದುಕು ಅಂದರೆ ಅದು ನೋಡಿ! ನೆತ್ತಿಯ ಮೇಲೆ ಎರಡು ಲೌಡ್‌ಸ್ಪೀಕರು, ಬಾಗಿಲಿಗೆ ನಾಟಕದ ಬೋರ್ಡು, ಡಿಕ್ಕಿಯಲ್ಲಿ ಕಿರೀಟದ ಪೆಟ್ಟಿಗೆ. ಇಳಕಲ್ಲು, ಗಜೇಂದ್ರಗಡ, ಮುಧೋಳ, ಸಿಂದಗಿ. ಹಿಂದಿನ ಸೀಟಿನಲ್ಲಿ ಕಂಪನಿಯ ನಾಯಕಿ ಪ್ರೇಮಾಬಾಯಿ, ತೊಡೆಯ ಮೇಲೆ ಜಡೆಗೆ ಸೇರಿಸುವ ಸವುರಿಯ ಗಂಟು ಇಟ್ಟುಕೊಂಡು, ತುಟಿಯಲ್ಲೇ ಮಾತು ಬಾಯಿಪಾಠ ಮಾಡುತ್ತ ಕೂತಿರುತ್ತಿದ್ದರು.

ಒಂದು ನಾಟಕದಲ್ಲಿ ನನಗೂ ಪಾರ್ಟು ಸಿಕ್ಕಿತು. ಸಾಹುಕಾರನ ಪಾತ್ರದವನನ್ನು ಕೂಡಿಸಿಕೊಂಡು ರಂಗದ ಮೇಲೆ ಬರಬೇಕು. ನನ್ನ ಭಾರ ತಡೆಯಲಿ ಅಂತ ರಂಗದ ಹಲಗೆಯ ಕೆಳಗೆ ದಪ್ಪ ತೊಲೆ ಕೊಟ್ಟಿದ್ದರು. ಪರದೆ ಎದ್ದಿತು, ಜನ ಸಿಳ್ಳೆ ಹೊಡೆದರು. ಅರ್ಧ ರಂಗಕ್ಕೆ ಬಂದು ನನ್ನ ಉಸಿರು ನಿಂತಿತು. ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಆಮೇಲೆ ಹೀರೋ ಮತ್ತು ಖಳನಾಯಕ, ಒಬ್ಬರ ಹೆಗಲಿಗೆ ಒಬ್ಬರು ಹೆಗಲು ಕೊಟ್ಟು, ನನ್ನನ್ನು ಆಚೆಗೆ ನೂಕಿದರು. ಜನ ಒನ್ಸ್ ಮೋರ್ ಅಂದರು. ಈರಪ್ಪ ಮಾಸ್ತರು ಮರುದಿನದಿಂದ ಅದನ್ನೇ ಸೀನು ಮಾಡಿಕೊಂಡರು. ಅರವತ್ತೆರಡು ಆಟ ನನ್ನನ್ನು ನೂಕಿಸಿದರು. ಜನ ನಕ್ಕರು ಅಂತ ನೀವೂ ನಗಬೇಡಿ. ದಿನಾ ಸಂಜೆ ಸಾವಿರ ಮಂದಿಯ ಮುಂದೆ ಕೆಟ್ಟು ನಿಲ್ಲುವುದು ಏನು ಅಂತ, ನಿಂತವರಿಗೇ ಗೊತ್ತು.

ಪೆಟ್ರೋಲು ದುಬಾರಿಯಾಯಿತು. ಮಾಸ್ತರು ನನ್ನನ್ನು ದಾದಾಪೀರ್ ಉಸ್ತಾದರ ಹತ್ತಿರ ತಂದು ಬಿಟ್ಟರು. ಉಸ್ತಾದರಿಗೆ ಆಗ ನಲವತ್ತೇಳು. ಇಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ರೋಗ ಹೇಳುತ್ತಿದ್ದರು. ಆ ಊರಿನಲ್ಲಿ ಅಂಥ ಕಿವಿ ಇನ್ನೊಂದಿರಲಿಲ್ಲ. ಅವರು ನನ್ನ ಹಳೇ ಇಂಜಿನ್ ಇಳಿಸಿ ಟೆಂಪೋದ ಡೀಸೆಲ್ ಇಂಜಿನ್ ಕೂಡಿಸಿದರು. ಮೈಯೆಲ್ಲ ನಡುಗುತ್ತಿತ್ತು, ಕನ್ನಡಿಯಲ್ಲಿ ಒಂದು ಮುಖ ನಾಲ್ಕಾಗಿ ಕಾಣುತ್ತಿತ್ತು. ಆದರೆ ಎಲ್ಲೂ ನಿಲ್ಲಲಿಲ್ಲ. ಹದಿನೈದು ವರ್ಷ ಓಡಿದೆ. ಗಲ್ಲಿಗೆ ಬಂದ ಹೊಸಬರಿಗೆಲ್ಲ ಉಸ್ತಾದರು ಬಾನೆಟ್ ಎತ್ತಿ ತೋರಿಸುತ್ತಿದ್ದರು: "ಇದು ನನ್ನ ಕೈ ಕೆಲಸ."

ಕಂಪನಿ ಮುಚ್ಚಿದ ದಿನ ಈರಪ್ಪ ಮಾಸ್ತರು ನನ್ನ ಕೀಲಿಯನ್ನು ಪ್ರೇಮಾಬಾಯಿಯ ಕೈಗೆ ಹಾಕಿ, "ಇಪ್ಪತ್ತೈದು ವರ್ಷ ಹಿಂದಿನ ಸೀಟಿನಾಗ ಕುಂತಿ. ಇನ್ನ ಮುಂದ ಕೂಡು" ಅಂದರು. ಬಾಯಿಯವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಉಸ್ತಾದರ ಅಂಗಳದಲ್ಲಿ ನಿಂತೆ. ಒಂದು ವರ್ಷ ನಿಂತೆ, ಎರಡು ವರ್ಷ ನಿಂತೆ. ಎಂಟು ವರ್ಷ. ಕೋಳಿಗಳು ಬಂದವು.

ಆಮೇಲೆ ಒಂದು ದಿನ ಪ್ರೇಮಾಬಾಯಿ ಬಂದರು. ಅರವತ್ತೊಂದು ವಯಸ್ಸು, ಕೈಯಲ್ಲಿ ಹೊಸ ಲೈಸೆನ್ಸು. ಮೂರನೇ ಸಲಕ್ಕೆ ಪಾಸಾಗಿದ್ದರಂತೆ.

"ಉಸ್ತಾದ್, ನನ್ನ ಪೈಲ್ವಾನನ್ನ ಎಬ್ಬಸ್ರಿ. ಇಳಕಲ್ಲಿಗೆ ನಾನಽ ಹೊಡಕೊಂಡು ಹೋಗಬೇಕು."

"ಬಾಯಾರ, ಅದರ ಆಟ ಮುಗೀತರಿ. ಇಂಜಿನ್ ಸತ್ತೈತಿ. ಗುಜರಿಗೆ ಹಾಕ್ರಿ."

ಜೀಪಿನ ಕೆಳಗೆ ಮಲಗಿದ್ದ ಯಮನೂರ ಅಲ್ಲಿಂದಲೇ ಅಂದ: "ಅಕ್ಕಾರ, ನಾ ಎಬ್ಬಸ್ತೀನಿ. ಈ ಡೀಸೆಲ್ ಕಿತ್ತು ಹೊಸಾ ಪೆಟ್ರೋಲ್ ಇಂಜಿನ್ ಕೂಡಸ್ತೀನಿ."

'ಈ ಡೀಸೆಲ್ ಕಿತ್ತು' ಅಂದದ್ದೇ ತಪ್ಪಾಯಿತು. ಅದು ಉಸ್ತಾದರ ಕೈ ಕೆಲಸ. ಅದಕ್ಕೇ ಆ ಬೈಗುಳ, ಅದಕ್ಕೇ ಆ ಚಹಾದ ಗ್ಲಾಸು.

ಹತ್ತು ತಿಂಗಳು ಹಿಡಿಯಿತು. ಹೆದ್ದಾರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡು ಮುದ್ದೆಯಾದ ಒಂದು ದೊಡ್ಡ ಹೊಸ ಕಾರಿನ ಇಂಜಿನ್ನು ಸಿಕ್ಕಿತು. ಅದರ ಮೈ ಹೋಗಿತ್ತು, ಗುಂಡಿಗೆ ಗಟ್ಟಿಯಿತ್ತು. ನನ್ನದು ಉಲ್ಟಾ. ಆದರೆ ಆ ಇಂಜಿನ್ನು ನನ್ನ ಹಳೇ ಮೈಯಲ್ಲಿ ಹಾಗೇ ಕೂತರೆ ಮೈಯೇ ತಿರುಚಿಕೊಳ್ಳುತ್ತದೆ ಅಂತ ಯಮನೂರನಿಗೆ ಗೊತ್ತಿತ್ತು. ಮೊದಲು ಕೆಳಗಿನಿಂದ ಉಕ್ಕಿನ ಪಟ್ಟಿ ಹೊಡೆದ. ತುಕ್ಕು ತಿಂದಲ್ಲೆಲ್ಲ ತಗಡು ಕತ್ತರಿಸಿ ಹೊಸದು ಕೂಡಿಸಿದ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಐದು ಗೇರಿನ ಪೆಟ್ಟಿಗೆ, ಒಂದೇ ಕೈಯಲ್ಲಿ ತಿರುಗುವ ಸ್ಟೇರಿಂಗು, ದೊಡ್ಡ ರೇಡಿಯೇಟರು.

ಕಷ್ಟವಿದ್ದದ್ದು ವೈರಿನಲ್ಲಿ. ಆ ಇಂಜಿನ್ನಿಗೆ ಒಂದು ಸಣ್ಣ ಕಂಪ್ಯೂಟರು. ಅದರಿಂದ ಹೊರಟ ವೈರು ನೂರಾ ಹದಿನಾಲ್ಕು. ನಕಾಶೆಯೆಲ್ಲ ಇಂಗ್ಲಿಷು. ಯಮನೂರ ಮೊಬೈಲಿನಲ್ಲಿ ಯಾವುದೋ ದೇಶದವನ ವಿಡಿಯೋ ಹಾಕಿಕೊಂಡು, ಮಾತು ತಿಳಿಯದಿದ್ದರೂ ಅವನ ಬೆರಳು ಎಲ್ಲಿ ಹೋಗುತ್ತದೆ ಅಂತ ನೋಡುತ್ತಿದ್ದ. ನಿಲ್ಲಿಸಿ, ಹಿಂದೆ ಓಡಿಸಿ, ಮತ್ತೆ ನೋಡುತ್ತಿದ್ದ. ಗ್ಯಾರೇಜಿನ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ತನ್ನದೇ ಚಿತ್ರ ಬರೆದ. ಪೆಟ್ರೋಲ್ ಪಂಪಿನ ವೈರಿಗೆ ಕೊಡ, ಕಿಡಿಯ ವೈರಿಗೆ ಕಣ್ಣು, ಗಾಳಿಯದಕ್ಕೆ ಮೂಗು, ಬಿಸಿ ನೋಡುವ ವೈರಿಗೆ ಅಂಗೈ. ಗಲ್ಲಿಯವರು ಬಂದು ನೋಡಿ "ಅಂಗನವಾಡಿ ಸುರು ಮಾಡಿಯೇನಲೇ?" ಅಂದರು. ಅವನು ಒಬ್ಬನಿಗೂ ಬಾಕಿ ಇಡಲಿಲ್ಲ. ಎಲ್ಲರ ಮನೆತನ ತೆಗೆದು ಬೈದ.

ನೂರಾ ಹದಿನಾಲ್ಕನೆಯ ವೈರು ಸೇರಿದ ದಿನ ಅವನು ಕೀಲಿ ತಿರುಗಿಸಿದ. ನಾನು ನಡುಗಲಿಲ್ಲ. ಕೆಮ್ಮಲಿಲ್ಲ. ಒಂದು ಆಳವಾದ ಉಸಿರು ಎದೆಯಿಂದ ಹೊರಟು ಹಿಂದಿನ ಕೊಳವೆಯವರೆಗೆ ಹೋಯಿತು. ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ನನ್ನ ಮೈಗೆ ತಕ್ಕ ಗುಂಡಿಗೆ. ಯಮನೂರ ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಯಾಕೆ ಅಂತ ನಾನು ಹೇಳಬೇಕಾಗಿಲ್ಲ.

ಅಷ್ಟು ದಿನವೂ ಉಸ್ತಾದರು ನನ್ನ ಹತ್ತಿರ ಬಂದಿರಲಿಲ್ಲ. ಅವತ್ತು ಬಾಗಿಲಲ್ಲಿ ನಿಂತು ಕೇಳಿದರು. ಅಭ್ಯಾಸಕ್ಕೆ ತಲೆ ಒಂದು ಕಡೆ ವಾಲಿತ್ತು.

ಇಂಜಿನ್ ಬದಲಿಸುವ ಒಪ್ಪಿಗೆಯನ್ನು ಪ್ರೇಮಾಬಾಯಿ ಕಚೇರಿಗೆ ಅಲೆದು ಮೊದಲೇ ತಂದಿಟ್ಟಿದ್ದರು. ಷರತ್ತು ಇಷ್ಟೇ: ಏಪ್ರಿಲ್ ಹದಿನೆಂಟರ ಸಂಜೆ ಐದರೊಳಗೆ ಗಾಡಿ ತಂದು ತೋರಿಸಬೇಕು. ಬ್ರೇಕು, ದೀಪ, ಹೊಗೆ ಮೂರೂ ಪಾಸಾಗಬೇಕು. ಆಗದಿದ್ದರೆ ನನ್ನ ನಂಬರು ರದ್ದು. ನಂಬರಿಲ್ಲದ ಕಾರಿಗೆ ಹೋಗಲು ಒಂದೇ ಜಾಗ.

ಹದಿನೆಂಟನೆಯ ತಾರೀಖು ಬೆಳಿಗ್ಗೆ ಯಮನೂರ ಪ್ರೇಮಾಬಾಯಿಯನ್ನು ಕರೆತರಲು ಹೋದ. ಅಂಗಳದಲ್ಲಿ ನಾನೊಬ್ಬನೇ. ಆಗ ಉಸ್ತಾದರು ಬಂದರು. ದಾಳಿಂಬೆ ಬಣ್ಣದ ನನ್ನ ಮೈಮೇಲೆ ಅಂಗೈ ಇಟ್ಟು ನಿಂತರು. ಬಿಸಿಲು ಆಗಲೇ ಸುಡುತ್ತಿತ್ತು. "ಭಾಳ ಬಿಸಿಲೈತಿ. ದಾರಿಯೊಳಗ ಕುದ್ದು ನಿಂತಗಿಂತೀ" ಅಂತ ನನಗೇ ಹೇಳಿದರು. ಬಾನೆಟ್ ಎತ್ತಿದರು.

ಉಸ್ತಾದರು ನಲವತ್ತು ವರ್ಷ ಕೈಗೆ ಬಂದ ಪ್ರತಿ ಗಾಡಿಗೂ ಮಾಡಿದ ಒಂದು ಕೆಲಸವಿದೆ. ಇಂಜಿನ್ನಿನ ನೀರು ರೇಡಿಯೇಟರಿಗೆ ಹೋಗುವ ದಾರಿಯಲ್ಲಿ ಥರ್ಮೋಸ್ಟಾಟ್ ಅಂತ ಒಂದು ಪುಟ್ಟ ಬಾಗಿಲು. ನೀರು ಕಾಯುವವರೆಗೆ ಅದು ಮುಚ್ಚಿರುತ್ತದೆ, ಕಾದ ಮೇಲೆ ತೆರೆಯುತ್ತದೆ. ನಮ್ಮ ಸೀಮೆಯ ಬಿಸಿಲಿಗೆ ಹಳೇ ಗಾಡಿಗಳು ಕುದಿಯುತ್ತಿದ್ದವು. ಅದಕ್ಕೆ ಈ ಕಡೆಯ ಮಿಸ್ತ್ರಿಗಳು ಆ ಬಾಗಿಲನ್ನೇ ಕಿತ್ತು ಬಿಸಾಕುತ್ತಿದ್ದರು. ನೀರು ಸದಾ ಹರಿಯುತ್ತದೆ, ಗಾಡಿ ತಂಪು. ಹಳೇ ಇಂಜಿನ್ನಿಗೆ ಅದು ನಡೆಯುತ್ತಿತ್ತು.

ಉಸ್ತಾದರು ಅದನ್ನು ಕಿತ್ತರು. ಒರೆಸಿ ಬೆಂಚಿನ ಮೇಲಿಟ್ಟರು. ಅದರ ಜೊತೆ ರಬ್ಬರಿನ ಬಳೆಯೂ ಹೋಯಿತಲ್ಲ, ಆ ಸಂದಿಗೆ ಪ್ಯಾಕಿಂಗ್ ಬೇಕು. ಜೇಬಿನಿಂದ ಯಾರದೋ ಮದುವೆಯ ಕಾರ್ಡು ತೆಗೆದು, ಕತ್ತರಿಯಿಂದ ದುಂಡಗೆ ಕತ್ತರಿಸಿ ಕೂಡಿಸಿದರು. ಅವರ ಪ್ಯಾಕಿಂಗು ಯಾವತ್ತೂ ಮದುವೆ ಕಾರ್ಡಿನದೇ. ಆಮೇಲೆ ಫ್ಯಾನಿನ ವೈರನ್ನು ಡೈರೆಕ್ಟ್ ಮಾಡಿದರು, ಯಾವಾಗಲೂ ತಿರುಗಲಿ ಅಂತ. ಬಾನೆಟ್ಟನ್ನು ಸಪ್ಪಳಾಗದಂತೆ ಇಳಿಸಿದರು.

ಕೆಡಿಸಲು ಬಂದವರ ಕೈ ಹಾಗಿರುವುದಿಲ್ಲ. ಜ್ವರದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ ಮಾಡಿದರು. ಒದರಬೇಕು ಅಂತ ಹಾರ್ನಿನ ತುದಿಯವರೆಗೆ ಬಂತು ನನಗೆ. ಯಾರಾದರೂ ಒತ್ತದೆ ನಾನು ಒದರಲಾರೆ.

ದಾರಿಯಲ್ಲಿ ಪ್ರೇಮಾಬಾಯಿ ಮುಂದಿನ ಸೀಟು, ಉಸ್ತಾದರು ಹಿಂದೆ. "ನಾನೂ ಬರ್ತೀನಿ" ಅಂತ ತಾವೇ ಬಂದು ಕೂತಿದ್ದರು. ಗಾಡಿ ಹೊಡೆಯುತ್ತಿದ್ದವನು ಯಮನೂರ. ಅವನ ಕಿವಿಯೆಲ್ಲ ನನ್ನ ಮೇಲಿತ್ತು. ಅರ್ಧ ದಾರಿಗೆ ನನ್ನಲ್ಲಿ ಪೆಟ್ರೋಲಿನ ವಾಸನೆ ಎದ್ದಿತು.

ಆರ್‌ಟಿಓ ಮೈದಾನದಲ್ಲಿ ಲಾರಿ, ಟಂಟಂ ಆಟೋ, ಶಾಲೆಯ ಬಸ್ಸುಗಳ ಸಾಲು. ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರು. ಇನ್‌ಸ್ಪೆಕ್ಟರ್ ಮೇಡಂ ಬ್ರೇಕು ಒತ್ತಿಸಿ ನೋಡಿದರು, ನಿಂತಲ್ಲೇ ನಿಂತೆ. ದೀಪ ಸರಿ. ಆಮೇಲೆ ಹೊಗೆ ಪರೀಕ್ಷೆಯವನು ನನ್ನ ಕೊಳವೆಗೆ ನಳಿಗೆ ಹಾಕಿದ. ಇಸ್ತ್ರಿಯ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಯಮನೂರ ಆಕ್ಸಿಲರೇಟರ್ ಒತ್ತಿದ. ಹಿಂದೆ ಕಪ್ಪು ಹೊಗೆ ಬುಸ್ಸೆಂದು ಎದ್ದು ಆ ಇಸ್ತ್ರಿ ಅಂಗಿಯ ಮೇಲೆ ಕೂತಿತು.

"ಫೇಲ್!" ಅಂದ ಅವನು, ಅಂಗಿ ಕೊಡವುತ್ತ. "ಇದೇನ್ ಕಾರೋ, ಇಟ್ಟಂಗಿ ಭಟ್ಟಿಯೋ?"

ಲಾರಿಯವರೆಲ್ಲ ನಕ್ಕರು. ಇನ್‌ಸ್ಪೆಕ್ಟರ್ ಮೇಡಂ ಗಡಿಯಾರ ನೋಡಿದರು. "ಮೂರು ಹತ್ತಾಗೇತಿ. ಐದಕ್ಕ ನಾನು ಫೈಲ್ ಮುಚ್ಚಬೇಕು. ಅಷ್ಟರೊಳಗ ಸರಿಮಾಡಿ ತಂದ್ರ ನೋಡ್ತೀನಿ. ಮತ್ತ ದಿನಾ ಕೊಡಾಕ ನನಗ ಬರೂದಿಲ್ಲ."

ಯಮನೂರ ಬಾನೆಟ್ ಎತ್ತಿದ. ಪ್ರೇಮಾಬಾಯಿ ಸೆರಗಿನಲ್ಲಿ ಕೈ ಸುತ್ತಿಕೊಂಡು, "ತಮ್ಮಾ, ನಿನ್ನಿ ಛಲೋ ಇತ್ತಲ್ಲೋ" ಅಂದರು.

"ಇತ್ರಿ ಅಕ್ಕಾರ. ಅದಽ ತಿಳೀವಲ್ದು."

ಪ್ಲಗ್ ಬಿಚ್ಚಿದ. ಕಾಡಿಗೆ ಬಳಿದಂತೆ ಕಪ್ಪು. ಪೆಟ್ರೋಲು ಜಾಸ್ತಿ ಬೀಳುತ್ತಿದೆ. ಯಾಕೆ? ಗಾಳಿಯ ವೈರು ನೋಡಿದ, ಸರಿ. ಪಂಪು ನೋಡಿದ, ಸರಿ. ಅರ್ಧ ಗಂಟೆ ಹೋಯಿತು. ಬೆವರು ಇಂಜಿನ್ನಿನ ಮೇಲೆ ತೊಟ್ಟಿಕ್ಕಿತು, ಚುರ್ ಅನ್ನಲಿಲ್ಲ. ಅಲ್ಲಿ ಅವನು ನಿಂತ. ಬೆವರು ಯಾಕೆ ಚುರ್ ಅನ್ನಲಿಲ್ಲ? ರೇಡಿಯೇಟರಿಗೆ ಹೋಗುವ ದಪ್ಪ ಪೈಪನ್ನು ಮುಷ್ಟಿಯಲ್ಲಿ ಹಿಡಿದ. ಮುಟ್ಟಿದರೆ ಕೈ ಸುಡಬೇಕಾದ ಪೈಪು. ಎಳೆಗೂಸಿನ ಮೈ ತೊಳೆಯುವ ನೀರಿನಷ್ಟೇ ಬೆಚ್ಚಗಿತ್ತು.

ಆಗ ಅವನಿಗೆ ತಿಳಿಯಿತು. ನೀರು ಕಾಯುತ್ತಲೇ ಇಲ್ಲ. ಬಿಸಿ ನೋಡುವ ವೈರು ಕಂಪ್ಯೂಟರಿಗೆ 'ಇನ್ನೂ ಥಂಡಿ, ಇನ್ನೂ ಥಂಡಿ' ಅನ್ನುತ್ತಿದೆ. ಆ ಪೆದ್ದ ಕಂಪ್ಯೂಟರು ಚಳಿಗಾಲದ ಬೆಳಗು ಅಂದುಕೊಂಡು ಪೆಟ್ರೋಲು ಸುರಿಯುತ್ತಲೇ ಇದೆ.

ಮೂರು ಬೋಲ್ಟು ಬಿಚ್ಚಿದ. ಒಳಗೆ ಬಾಗಿಲಿರಲಿಲ್ಲ. ದುಂಡಗಿನ ಪ್ಯಾಕಿಂಗು ಇತ್ತು. ತೋಯ್ದ ಕಾಗದದ ಮೇಲೆ ಚಿನ್ನದ ಅಕ್ಷರ: ಚಿ. ಸೌ.

ನಾನು ಅವನ ಕೈಯನ್ನು ನೋಡುತ್ತಿದ್ದೆ. ಪಾನಾ ಹಿಡಿದ ಕೈಯ ಗೆಣ್ಣು ಬೆಳ್ಳಗಾಯಿತು. ಇನ್ನೇನು ಒದರುತ್ತಾನೆ ಅಂದುಕೊಂಡೆ. ಒದರಬಹುದಿತ್ತು. ಹತ್ತು ತಿಂಗಳ ನಗು, ಗೋಡೆಯ ಚಿತ್ರಕ್ಕೆ ಬಿದ್ದ ಮಾತು, ಎಲ್ಲದಕ್ಕೂ ಉತ್ತರ ಆ ಒದ್ದೆ ಕಾಗದದಲ್ಲಿತ್ತು. ಅವನು ತಲೆ ಎತ್ತಿ ಉಸ್ತಾದರನ್ನು ನೋಡಿದ. ಉಸ್ತಾದರು ನೋಡುತ್ತಿದ್ದದ್ದು ಆ ಕಾಗದವನ್ನು. ನಲವತ್ತು ವರ್ಷ ಸರಿಯಿದ್ದ ಕೈ ಒಂದೇ ದಿನಕ್ಕೆ ತಪ್ಪಾದರೆ ಮನುಷ್ಯ ಎಲ್ಲಿ ನೋಡಬೇಕು?

ಯಮನೂರ ಕಾಗದವನ್ನು ಮುದ್ದೆ ಮಾಡಿ ಜೇಬಿಗೆ ತುರುಕಿದ. ಉಸ್ತಾದರ ಹತ್ತಿರ ಹೋಗಿ, ಅವರಿಗಷ್ಟೇ ಕೇಳುವ ಹಾಗೆ ಅಂದ:

"ಉಸ್ತಾದ್, ಯಾರದರ ಗಾಡಿ ಇಸಗೊಂಡು ಗ್ಯಾರೇಜಿಗೆ ಹೋಗಿ ಬರ್ರಿ. ಬೆಂಚಿನ ಮ್ಯಾಲ ಇರಬೇಕು. ರಬ್ಬರ್ ಬಳಿನೂ ತರ್ರಿ."

ಉಸ್ತಾದರು ಒಬ್ಬ ಡ್ರೈವರನ ಲೂನಾ ಹತ್ತಿ ಹೋದರು. ಎಪ್ಪತ್ತು ದಾಟಿದ ಮನುಷ್ಯ ಆ ಬಿಸಿಲಿನಲ್ಲಿ ಆ ಲೂನಾವನ್ನು ಹಾಗೆ ಓಡಿಸಿದ್ದನ್ನು ನೀವು ನೋಡಬೇಕಿತ್ತು. ನಾಲ್ಕೂ ಇಪ್ಪತ್ತೈದಕ್ಕೆ ವಾಪಸ್ ಬಂದರು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಯಮನೂರ ಕೂಡಿಸಿದ, ಫ್ಯಾನಿನ ವೈರು ಸರಿಮಾಡಿದ, ನೀರು ತುಂಬಿದ, ಪ್ಲಗ್ಗು ಒರೆಸಿದ. ಹದಿನೈದು ನಿಮಿಷ ನಿಂತಲ್ಲೇ ಓಡಿಸಿದ. ಪೈಪು ಬಿಸಿಯಾಯಿತು. ಮುಟ್ಟಲು ಹೋಗಿ "ಹಾ!" ಅಂತ ಕೈ ಹಿಂದಕ್ಕೆ ಎಳೆದುಕೊಂಡ. ಅಷ್ಟು ಖುಷಿಯಿಂದ ಕೈ ಸುಟ್ಟುಕೊಂಡವರನ್ನು ನಾನು ನೋಡಿಲ್ಲ.

ಐದಕ್ಕೆ ಎಂಟು ನಿಮಿಷವಿತ್ತು. ನಳಿಗೆ ಹಾಕಿದರು. ಯಂತ್ರ ಸಣ್ಣದೊಂದು ಕಾಗದ ಉಗುಳಿತು. ಇನ್‌ಸ್ಪೆಕ್ಟರ್ ಮೇಡಂ ಓದಿ, ಸಹಿ ಹಾಕಿ, ಮುದ್ರೆ ಒತ್ತಿದರು. "ಪಾಸ್ ಆತು. ಅಂದಹಾಗ, ಬಣ್ಣ ಛಲೋ ಹಚ್ಚೀರಿ." ಪ್ರೇಮಾಬಾಯಿ ಅಲ್ಲೇ, ಎಲ್ಲರ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರೈವರ್ ಸೀಟಿಗೆ ಹತ್ತಿ ಕೂತು, ಎರಡೂ ಕೈಯಿಂದ ಸ್ಟೇರಿಂಗು ಹಿಡಿದರು.

ಇನ್ನು ಎಷ್ಟು ವರ್ಷ ಓಡುತ್ತೇನೋ ಗೊತ್ತಿಲ್ಲ. ನನ್ನ ಮೈ ಹಳೆಯದು, ಮತ್ತೆ ತುಕ್ಕು ಬರುತ್ತದೆ. ಆದರೆ ಒಂದು ಮಾತು ಹೇಳುತ್ತೇನೆ. ಹಳೆಯದರಲ್ಲಿ ಹೊಸದು ಕೂರುವುದಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಕೂಡಿಸುವವನು ಹಳೆಯದರ ಮೈ ನೋವನ್ನೂ ಬಲ್ಲವನಾಗಿರಬೇಕು, ಅಷ್ಟೇ.

ಹೊಗೆ ಪರೀಕ್ಷೆಯವನಿಗೆ ಮಾತ್ರ ತನ್ನ ಅಂಗಿಯ ಸಿಟ್ಟು ಇಳಿದಿರಲಿಲ್ಲ. ಹತ್ತಿಪ್ಪತ್ತು ಜನ ಇನ್ನೂ ಸುತ್ತ ನಿಂತಿದ್ದರು. ಅವನು ದೊಡ್ಡ ದನಿಯಲ್ಲಿ ಕೇಳಿದ:

"ಅಲ್ಲಪಾ ಮಿಸ್ತ್ರಿ, ಕಂಪ್ಯೂಟರ್ ಇಂಜಿನ್‌ದಾಗಿಂದ ಥರ್ಮೋಸ್ಟಾಟ್ ಕೀಳೋ ಅಂಥಾ ಶಾಣ್ಯಾ ಯಾರು? ನೀನಽ ಏನು?"

ಜನ ಕಿಸಕ್ಕನೆ ನಕ್ಕು ಯಮನೂರನ ಕಡೆ ತಿರುಗಿದರು. ಉಸ್ತಾದರು ಖಾಲಿ ಕರವಸ್ತ್ರ ಹಿಡಿದು ನನ್ನ ಬಾನೆಟ್ಟಿನ ಪಕ್ಕ ನಿಂತಿದ್ದರು. ಅದನ್ನು ಮಡಚಿ, ಮತ್ತೆ ಬಿಚ್ಚಿದರು. ಯಮನೂರನ ಕತ್ತಿನ ನರ ಉಬ್ಬಿತು. ಆ ನರ ನನಗೆ ಗೊತ್ತು.

"ಕೇಳಾಕತ್ತೀನಲ್ಲ, ಹೇಳೋ! ಯಾರು ಕಿತ್ತಾಂವ?"

ಯಮನೂರ ಪಾನಾವನ್ನು ಅಂಗಿಗೆ ಒರೆಸಿದ. "ಹಿಡೀರಿ ಉಸ್ತಾದ್, ಕೈ ತೊಳಕೊಂಡು ಬರ್ತೀನಿ" ಅಂತ ಅದನ್ನು ಉಸ್ತಾದರ ಕೈಗೆ ಕೊಟ್ಟ. ಒಂದು ಅಂದರೆ ನಾಲ್ಕು ಅನ್ನುವ ಆ ಹುಡುಗ, ತಪ್ಪು ತನ್ನದೇ ಅಂದುಕೊಂಡರೆ ಅಂದುಕೊಳ್ಳಲಿ ಅಂತ, ಜನರ ನಡುವೆ ದಾರಿ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಮೈದಾನದ ಆಚೆಯ ನಲ್ಲಿಯ ಕಡೆ ನಡೆದು ಹೋದ.